ಮೂಗರ ಮಠದ ಕಮಾನು

ಕಾರಿನ ಹಿಂದಿನ ಸೀಟಿನಲ್ಲಿ, ನಕ್ಷೆಯ ಸುರುಳಿಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತವನಿಗೆ ಬೆಳಗಿನಿಂದಲೂ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಮುಂದೆ ಕೂತ ಹಳೆಯ ಕಟ್ಟಡಗಳ ರಕ್ಷಣಾ ಸಮಿತಿಯ ಅಧ್ಯಕ್ಷೆ, ನಿವೃತ್ತ ಇತಿಹಾಸದ ಪ್ರೊಫೆಸರು, ಕಿಟಕಿಯ ಗಾಜು ಇಳಿಸಿ ಬೀದಿಯನ್ನು ಹರಾಜಿನಲ್ಲಿ ಕೂಗಲು ಬಂದವರ ಹಾಗೆ ನೋಡುತ್ತಿದ್ದರು. ಅವರ ಮೇಲೆ ಸಿಟ್ಟು. ಕಾರು ಓಡಿಸುತ್ತಿದ್ದ ಎಂಜಿನಿಯರು ತನ್ನ ಜೋಕಿಗೆ ತಾನೇ ಮೊದಲು ನಗುವ ಪೈಕಿ. ಅವನ ಮೇಲೂ ಸಿಟ್ಟು. ಸೈಕಲ್ ರಿಪೇರಿ ಅಂಗಡಿ, ಬೀಗ ಜಡಿದ ಸಿನಿಮಾ ಮಂದಿರ, ಇಸ್ತ್ರಿಯವನ ಗೂಡು ಎಲ್ಲ ಇದ್ದಲ್ಲೇ ಇದ್ದವು. ತಾನು ಬಿಟ್ಟುಹೋದ ಮೇಲೆ ಇಲ್ಲಿ ಏನಾದರೂ ಕೆಟ್ಟುಹೋಗಿರಬೇಕಿತ್ತು ಎಂದು ಅವನು ಒಳಗೊಳಗೇ ಬಯಸಿದ್ದ. ಏನೂ ಕೆಟ್ಟಿರಲಿಲ್ಲ.

"ಈ ಕಡೆ ಮುಂಚೆ ಬಂದಿದ್ರಾ ನೀವು?" ಅಧ್ಯಕ್ಷೆ ತಿರುಗದೆಯೇ ಕೇಳಿದರು.

"ಅಳತೆಗೆ ಬಂದಿದ್ದೆ ಮೇಡಂ. ಎರಡು ಸಲ."

ಸುಳ್ಳೇನಲ್ಲ. ಅಳತೆಗೆ ಎರಡು ಸಲ ಬಂದದ್ದು ನಿಜ. ಅದೇ ಕಟ್ಟಡದಲ್ಲಿ ಹುಟ್ಟಿ, ಮೀಸೆ ಬರುವತನಕ ಅಲ್ಲೇ ಉಂಡು ಮಲಗಿದ್ದನ್ನು ಅವರು ಕೇಳಿರಲಿಲ್ಲ, ಅವನು ಹೇಳಲಿಲ್ಲ. ಇಲಾಖೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಳೆಯ ಕಟ್ಟಡಗಳ ವಾಸ್ತುಶಿಲ್ಪಿ ಎಂದರೆ ಹಳೆಯ ಮನೆತನದವನಿರಬೇಕು ಎಂದು ಜನ ತಾವಾಗಿಯೇ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಎಂದು ಬಿಟ್ಟಿದ್ದ. ಅಳತೆಗೆ ಬಂದ ಎರಡೂ ಸಲ, ಇನ್ನೂ ಅಲ್ಲೇ ಇರುವ ಅಕ್ಕನ ಕೆಲಸದ ಪಾಳಿ ನೋಡಿಕೊಂಡು ಬಂದಿದ್ದ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಡ್‌ಶೀಟುಗಳನ್ನು ಕುದಿಸುತ್ತಿರುವ ಹೊತ್ತಿನಲ್ಲಿ ಅವನು ಅವಳ ಮನೆಯ ಹೊರಗೋಡೆಗೆ ಟೇಪು ಹಿಡಿದಿದ್ದ. ಬಾಗಿಲಿಗೆ ಬೀಗವಿತ್ತು. ಒಳಗಿನದನ್ನು ಅಳೆಯುವ ಅಗತ್ಯವೇ ಬೀಳಲಿಲ್ಲ, ಒಲೆಯ ಕಟ್ಟೆಯಿಂದ ಗೋಡೆಯ ಗೂಡಿನವರೆಗೆ ಎಲ್ಲವನ್ನೂ ನೆನಪಿನಿಂದಲೇ ಬರೆದುಬಿಟ್ಟ. ಬರೆದಾದ ಮೇಲೆ ಹೊರಗಿನ ಅಳತೆಗೆ ತಾಳೆ ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಬಂದಿರಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂದಿತ್ತು.

"ಹೆಸರಿಗೆ ಮೂಗರ ಮಠ ಮೇಡಂ," ಎಂಜಿನಿಯರು ಗೇರು ಬದಲಿಸುತ್ತ ಶುರುಮಾಡಿದ. "ಆದ್ರೆ ಅಲ್ಲಿ ಉಳ್ಕೊಂಡಿರೋಳು ಒಬ್ಬಳೇ ಹೆಂಗಸು. ಅವಳು ಬಾಯಿ ಬಿಟ್ರೆ ಮೂರು ಬೀದಿಗೆ ಕೇಳ್ಸುತ್ತೆ. ಮಿಕ್ಕ ಸಂಸಾರಗಳೆಲ್ಲ ನಗರಸಭೆ ಕೊಟ್ಟ ಫ್ಲಾಟಿಗೆ ಹೋಗಿ ಆರಾಮಾಗಿದಾವೆ. ಇವಳದ್ದು ಮಾತ್ರ, ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ!"

ಅಧ್ಯಕ್ಷೆ ನಕ್ಕರು. ಅವನೂ ನಕ್ಕ. ನಕ್ಕ ಮೇಲೆ ತನ್ನ ನಗುವೇ ಮೂವರದ್ದರಲ್ಲಿ ದೊಡ್ಡದಾಗಿತ್ತೇನೋ ಎನ್ನಿಸಿ ಕಿವಿ ಬಿಸಿಯಾಯಿತು.

ಮೂಗರ ಮಠ ಎಂಬುದು ಬೀದಿಯವರು ಇಟ್ಟ ಹೆಸರು. ನಿಜವಾದ ಹೆಸರು ಪರಭಾಷೆಯದು, ಉದ್ದನೆಯದು, ಅದನ್ನು ಅಧ್ಯಕ್ಷೆಯೊಬ್ಬರೇ ಸರಿಯಾಗಿ ಉಚ್ಚರಿಸುತ್ತಿದ್ದರು, ಅದೂ ಬೇಕಾದ್ದಕ್ಕಿಂತ ಹೆಚ್ಚು ಸಲ. ಹಡಗಿನಲ್ಲಿ ಮೊದಲು ಫಿರಂಗಿ ಬಂತು, ಅದರ ಬೆನ್ನಿಗೇ ಗಂಟೆ ಬಂತು, ಗಂಟೆಯ ಹಿಂದೆ ಮಾತಾಡುವುದಿಲ್ಲ ಎಂದು ಆಣೆಯಿಟ್ಟ ಬಿಳಿಯ ಸನ್ಯಾಸಿಗಳು ಬಂದರು. ಊರಿನ ಕೋಟೆಯನ್ನು ಕೆಡವಿ, ಆ ಕಲ್ಲನ್ನು ಊರಿನವರ ತಲೆಯ ಮೇಲೇ ಹೊರಿಸಿ, ನಡುವೆ ಚೌಕದ ಅಂಗಳ, ಅಂಗಳದ ಸುತ್ತ ಕಮಾನಿನ ಕೈಸಾಲೆ, ಕೈಸಾಲೆಯ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕಟ್ಟಿಸಿಕೊಂಡರು. ಕೋಣೆಗಳ ಕಿಟಕಿ ಆಳೆತ್ತರಕ್ಕಿಂತ ಮೇಲಿದೆ. ಒಳಗಿದ್ದವನಿಗೆ ಆಕಾಶವೊಂದು ಬಿಟ್ಟು ಬೇರೇನೂ ಕಾಣಬಾರದೆಂದು. ಕೂಲಿಯವರಿಗೆ ಅಪ್ಪಣೆಯೆಲ್ಲ ಬೆರಳ ಸನ್ನೆಯಲ್ಲೇ. ಕಲ್ಲು ಇಳಿಸು ಎನ್ನುವುದಕ್ಕೆ ಒಂದು ಬೆರಳು, ಬೆನ್ನಿಗೆ ನಾಲ್ಕು ಬಿಡು ಎನ್ನುವುದಕ್ಕೆ ಇನ್ನೊಂದು. ಅವರ ರಾಜ್ಯ ಮುಳುಗಿದ ಮೇಲೆ ಅಲ್ಲಿ ಸೈನಿಕರು ಬಿಡಾರ ಹೂಡಿದರು, ಆಮೇಲೆ ಧಾನ್ಯದ ಮೂಟೆ ಪೇರಿಸಿದರು, ಕೊನೆಗೆ ನಗರಸಭೆ ತನ್ನ ಕೆಲಸಗಾರರನ್ನು ತಂದು ತುಂಬಿತು. ಒಬ್ಬ ಸನ್ಯಾಸಿ ದೇವರನ್ನು ಹುಡುಕುವುದಕ್ಕೂ ಇಕ್ಕಟ್ಟಾಗಿದ್ದ ಜಾಗದಲ್ಲಿ ಗಂಡ ಹೆಂಡತಿ ಮಕ್ಕಳು ಅತ್ತೆ ಎಲ್ಲರೂ ಕೈಕಾಲು ಮಡಿಚಿ ಮಲಗಿದರು. ಈ ಕಟ್ಟಡವನ್ನು ಯಾರಾದರೂ ಸುಂದರ ಎಂದರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅದರ ಚೆಲುವಿನ ಬಗ್ಗೆ ಲೇಖನ ಬರೆದೇ ಅವನು ಕೆಲಸ ಸಂಪಾದಿಸಿದ್ದ, ಅದು ಬೇರೆ ಮಾತು.

ಕಾರು ಹೆಬ್ಬಾಗಿಲಲ್ಲಿ ನಿಂತಿತು. ಎಂಜಿನಿಯರು ಇಳಿದು ಅಧ್ಯಕ್ಷೆಯ ಬಾಗಿಲು ತೆಗೆಯಲು ಓಡಿದ. ಇವನ ಬಾಗಿಲಿನ ಹಿಡಿ ಒಳಗಿನಿಂದ ಕೆಲಸ ಮಾಡುತ್ತಿರಲಿಲ್ಲ; ಗಾಜು ಬಡಿದ ಮೇಲೆ ಇಬ್ಬರಿಗೂ ನೆನಪಾಯಿತು.

ಕೈಸಾಲೆಯಲ್ಲಿ ನಡೆಯುತ್ತ ಅಧ್ಯಕ್ಷೆ ನಕ್ಷೆ ಬಿಚ್ಚಿಸಿದರು. ಅವನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹಳೆಯ ಕಟ್ಟಡವನ್ನು ಅಳೆದು ಬರೆದ ಮೇಲೆ ಗೋಡೆ ಗೋಡೆಗೂ ವಯಸ್ಸಿಗೆ ತಕ್ಕ ಬಣ್ಣ ತುಂಬಬೇಕು. ಮೊದಲು ಕಟ್ಟಿದ್ದಕ್ಕೆ ಕಪ್ಪು, ಆಮೇಲಿನವರು ಸೇರಿಸಿದ್ದಕ್ಕೆ ನೀಲಿ, ನಮ್ಮ ಕಾಲದ್ದಕ್ಕೆ ಹಳದಿ. ಕಪ್ಪನ್ನು ಯಾರೂ ಮುಟ್ಟುವಂತಿಲ್ಲ. ಕಪ್ಪನ್ನು ಮರೆಮಾಡಿಕೊಂಡು ಹಳದಿ ನಿಂತಿದ್ದರೆ ಹಳದಿಯನ್ನು ಕೀಳಬೇಕು. ಹಳದಿಗೆ ಹಳದಿ ಒರಗಿದ್ದರೆ ಯಾರಿಗೂ ಅದರ ಗೊಡವೆಯಿಲ್ಲ, ಇದ್ದ ಹಾಗೆ ಇರಲಿ ಎಂದು ಬರೆದು ಮುಂದೆ ಹೋಗುತ್ತಾರೆ. ಸನ್ಯಾಸಿಗಳ ಊಟದ ಮನೆಯ ಕೊನೆಯಲ್ಲಿ ಒಂದು ದೊಡ್ಡ ಕಲ್ಲಿನ ಕಮಾನಿದೆ. ಅದರ ಬಾಯಿಗೆ ಇಟ್ಟಿಗೆಯ ಗೋಡೆ, ಗೋಡೆಗೊಂದು ಬಾಗಿಲು, ಆಚೆಗೆ ಎರಡು ಕೋಣೆಯ ಮನೆ. ಮನೆ ಅಕ್ಕನದು. ಹೋದ ವಾರ ಟೇಬಲ್ಲಿನ ಮುಂದೆ ಕೂತು ಮನೆಗೆ ಹಳದಿ ತುಂಬಿದ. ಕಮಾನಿಗೆ ಬಂದಾಗ ಕೈ ಕಪ್ಪಿನ ಕಡೆಗೆ ಹೋಯಿತು.

ಆ ಕಮಾನನ್ನು ಕಟ್ಟಿದವನು ಅವನಪ್ಪ. ಮೂಲದ್ದು ಒಂದು ಮಧ್ಯಾಹ್ನ ಧೂಳೆಬ್ಬಿಸಿ ಕುಸಿದಿತ್ತು. ಇಟ್ಟಿಗೆ ಒಟ್ಟಿ ಮುಚ್ಚಿಬಿಡಿ ಎಂದು ನಗರಸಭೆಯವರು ಹೇಳಿದರೆ, ಗಾರೆ ಮೇಸ್ತ್ರಿಯಾಗಿದ್ದ ಅಪ್ಪ, ಕಲ್ಲು ಇಲ್ಲೇ ಬಿದ್ದಿದೆಯಲ್ಲ ಸ್ವಾಮಿ, ಎಂದಿದ್ದ. ಪಾಳಿ ಮುಗಿಸಿ ಬಂದು, ಒಡೆದು ಚೂರಾದ ಕಲ್ಲುಗಳಿಗೆ ಬದಲಿ ಕಲ್ಲು ಕೆತ್ತಿದ. ಆಗಿನ್ನೂ ಲಂಗ ಹಾಕುತ್ತಿದ್ದ ಅಕ್ಕ ಗಾರೆ ಕಲಸಿದಳು, ನೇರ ನೋಡಲು ತೂಗುಗುಂಡು ಹಿಡಿದಳು. ಇವನು ಮರಳ ಗುಡ್ಡೆಯ ಮೇಲೆ ಮಲಗಿದ್ದ, ಅಷ್ಟು ಚಿಕ್ಕವನು. ನೆತ್ತಿಯ ಕಲ್ಲು ಕೂರಿಸಿ ಕೆಳಗಿನ ಮರದ ಆಸರೆ ತೆಗೆಯುವ ದಿನ ಅಪ್ಪ ಕಮಾನಿನ ಕೆಳಗೆ ತಾನೊಬ್ಬನೇ ಹೋಗಿ ನಿಂತನಂತೆ, ಬಿದ್ದರೆ ನನ್ನ ಮೇಲೇ ಬೀಳಲಿ ಎಂದು. ಬೀಳಲಿಲ್ಲ. ಅದಕ್ಕೆ ಇನಾಮು ಎಂದರೆ ಅದರ ಹಿಂದಿನ ಎರಡು ಕೋಣೆ. ಕಮಾನಿಗೆ ಹಳದಿ ತುಂಬಿದರೆ ಅದು ಬರಿಯ ರಿಪೇರಿ. ನಾಳೆ ಬಿರುಕು ಬಿಟ್ಟರೆ ಒಂದು ಬುಟ್ಟಿ ಗಾರೆಯೂ ಸಿಗದು. ಕಪ್ಪು ತುಂಬಿದರೆ ಲೋಕ ಇರುವತನಕ ಕಾಪಾಡುತ್ತಾರೆ. ಅಪ್ಪನಿಗಾಗಿ ಕಪ್ಪು ತುಂಬಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕಪ್ಪು ಒಣಗುವಾಗ, ಅಕ್ಕನ ಅಡುಗೆಮನೆ ಇನ್ನು ಕೀಳಲೇಬೇಕಾದ ಹಳದಿಯಾಗಿ ಅದಕ್ಕೆ ಅಂಟಿಕೊಂಡಿರುವುದನ್ನು ಕಂಡು ಒಳಗೆ ಏನೋ ತಣ್ಣಗಾಯಿತು, ಅದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

"ಇದಕ್ಕೆ ಯಾಕೆ ಕಿಟಕಿಯೇ ಇಲ್ಲ?" ಅಧ್ಯಕ್ಷೆ ಮೂಲೆಯ ಕೋಣೆಯೊಂದರ ಮುಂದೆ ನಿಂತರು.

"ಶಿಕ್ಷೆಯ ಕೋಣೆ ಮೇಡಂ. ಮಾತಾಡಿ ಸಿಕ್ಕಿಬಿದ್ದ ಸನ್ಯಾಸಿಯನ್ನ ಇಲ್ಲಿ ಹಾಕ್ತಿದ್ರು."

"ಎಷ್ಟು ಶಾಂತವಾಗಿದೆ!" ಎಂದು ಅವರು ಒಳಗೆ ಹೋಗಿ ಕಣ್ಣು ಮುಚ್ಚಿ ನಿಂತರು. ಎಂಜಿನಿಯರೂ ನಿಂತ. ಚಿಕ್ಕಂದಿನಲ್ಲಿ ಆ ಕೋಣೆಯಲ್ಲೇ ಅಕ್ಕ ಇವನನ್ನು ಹೊರಗಿನಿಂದ ಚಿಲಕ ಹಾಕಿ ಓದಿಸಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವಳೇ ತಾಯಿ, ಅವಳೇ ಪೊಲೀಸು. "ಓದ್ಲಿಲ್ಲ ಅಂದ್ರೆ ಗಾರೆ ಹೊರ್ತೀಯ ನೋಡು," ಎಂದು ಬಾಗಿಲಾಚೆಯಿಂದ ಕೂಗುತ್ತಿದ್ದಳು, ಅಪ್ಪ ಗಾರೆ ಹೊತ್ತು ಬಂದು ಅಲ್ಲೇ ಕೂತು ಕಾಲು ತೊಳೆಯುತ್ತಿರುವಾಗಲೇ. ಇವನು ಒದ್ದೆ ಮಾಡಿದ ಹಾಸಿಗೆಯನ್ನು ಅಂಗಳದ ನಡುವೆ, ಎಲ್ಲ ಮನೆಯವರಿಗೂ ಕಾಣುವಂತೆ ಒಣಹಾಕುತ್ತಿದ್ದಳು. ಅದನ್ನೆಲ್ಲ ಮರೆಯಬಹುದಿತ್ತು. ಕಾಲೇಜಿನ ಕೊನೆಯ ಪರೀಕ್ಷೆಗೆ ಬೇರೆ ಊರಿನಲ್ಲಿದ್ದಾಗ ಫೋನು ಮಾಡಿ, ಅಪ್ಪ ಹೇಗಿದ್ದಾನೆ ಎಂದರೆ, ಮಲಗಿದ್ದಾನೆ, ಎಂದಿದ್ದಳು. ಮಾರನೆಯ ದಿನವೂ ಮಲಗಿದ್ದಾನೆ ಎಂದಳು. ಎಲ್ಲ ಪರೀಕ್ಷೆ ಮುಗಿಸಿ ಪೆಟ್ಟಿಗೆ ಹಿಡಿದು ಬಂದರೆ ಮಂಚ ಖಾಲಿ. ಅಪ್ಪನನ್ನು ಮಣ್ಣಿಗಿಟ್ಟು ಆಗಿತ್ತು. "ಹೇಳಿದ್ರೆ ನೀನು ಓಡಿ ಬರ್ತಿದ್ದೆ, ಒಂದು ವರ್ಷ ಹಾಳಾಗ್ತಿತ್ತು," ಎಂದು ಅವಳು ತಟ್ಟೆಗೆ ಅನ್ನ ಹಾಕಿದಳು. ಆ ಅನ್ನ ಅವನು ಉಂಡ. ಹಸಿದಿದ್ದ, ಉಂಡ. ಅವಳನ್ನು ಕ್ಷಮಿಸದಿರುವುದಕ್ಕೆ ಇದೊಂದು ಸಾಕಾಗಿತ್ತು, ತನ್ನನ್ನು ಕ್ಷಮಿಸಿಕೊಳ್ಳದಿರುವುದಕ್ಕೂ. ಪರೀಕ್ಷೆಯಲ್ಲಿ ಅವನಿಗೆ ಮೊದಲ ಸ್ಥಾನ ಬಂದಿತ್ತು.

"ಬನ್ನಿ ಮೇಡಂ, ಮುಖ್ಯವಾದ್ದು ಆಚೆ ಇದೆ," ಎಂದ. ಧ್ವನಿ ಗಡುಸಾಯಿತು. ಎಂಜಿನಿಯರು ಕಣ್ಣು ತೆರೆದು ನೋಡಿದ.

ಊಟದ ಮನೆ ಉದ್ದಕ್ಕೆ ಚಾಚಿಕೊಂಡಿತ್ತು. ಗೋಡೆಯ ಅರ್ಧ ಎತ್ತರದಲ್ಲಿ ಒಂದು ಕಲ್ಲಿನ ಗೂಡು. ಎಲ್ಲರೂ ಬಾಯಿ ಮುಚ್ಚಿ ಉಣ್ಣುವಾಗ ಒಬ್ಬ ಅಲ್ಲಿ ನಿಂತು ಧರ್ಮಗ್ರಂಥ ಓದಬೇಕಿತ್ತು. ಅವನ ಹೊಟ್ಟೆ ಹಸಿದಿರುತ್ತಿತ್ತು, ಬಾಯಿಗೆ ಮಾತ್ರ ರಜೆಯಿರಲಿಲ್ಲ. ಅದನ್ನೆಲ್ಲ ವಿವರಿಸುತ್ತ ಅವನ ಕಣ್ಣು ಕೊನೆಯ ಬಾಗಿಲಿನ ಮೇಲಿತ್ತು. ಇವತ್ತೂ ಪಾಳಿಯಿರಬಹುದು ಎಂದುಕೊಂಡಿದ್ದ. ಹೋದ ತಿಂಗಳು ಮನೆ ಖಾಲಿ ಮಾಡಬೇಕೆಂಬ ನೋಟಿಸು ಸಿಕ್ಕಾಗ ಅವಳು ಫೋನು ಮಾಡಿದ್ದಳು, ಎಷ್ಟೋ ವರ್ಷದ ಮೇಲೆ. "ನೀನೇ ಅಂತಲ್ಲೋ ಬರೆಯೋನು? ಅಪ್ಪ ಕಟ್ಟಿದ್ದು ಅಂತ ಒಂದು ಮಾತು ಬರಿ ಸಾಕು. ಮನೆ ಉಳಿಯುತ್ತಂತೆ. ನಾನು ಕೇಳ್ಕೊಂಡು ಬಂದಿದೀನಿ." ನೋಡ್ತೀನಿ ಎಂದಿದ್ದ. "ನೋಡ್ತೀನಿ ಅನ್ನೋಕೆ ನೀನೇನು ಡಾಕ್ಟ್ರೇನೋ, ಮುಂಡೇದೇ?" ಎಂದು ಬೈದು ಇಟ್ಟಿದ್ದಳು. ಆ ಬೈಗುಳ ಮಾರನೆಯ ದಿನವೂ ಕಿವಿಯಲ್ಲಿತ್ತು, ಹಿತವಾಗಿಯೇ ಇತ್ತು ಎಂದು ಒಪ್ಪಿಕೊಳ್ಳಲು ಅವನು ಸಿದ್ಧನಿರಲಿಲ್ಲ.

ಬಾಗಿಲು ತೆರೆದಿತ್ತು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಸೋಪಿನ ನೀರು ತಿಂದ ಕೈಗಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕೂದಲು ಇಷ್ಟು ಬಿಳಿಯಾಗಿದೆಯೆಂದು ಫೋನಿನಲ್ಲಿ ಗೊತ್ತಾಗಿರಲಿಲ್ಲ. ಈಗ ಹೇಳಿಬಿಡುತ್ತಾಳೆ, ಲೋ ಎನ್ನುತ್ತಾಳೆ, ಎಂಜಿನಿಯರಿಗೆ ವರ್ಷಕ್ಕಾಗುವಷ್ಟು ಜೋಕು ಸಿಕ್ಕಿತು ಎಂದುಕೊಂಡ. ಅವಳು ಅವನನ್ನು ನೋಡಿದಳು. ಎಂಜಿನಿಯರನ್ನು ನೋಡಿದಷ್ಟೇ ಹೊತ್ತು ನೋಡಿ ಅಧ್ಯಕ್ಷೆಯ ಕಡೆ ತಿರುಗಿದಳು.

"ನೀವೇನಾ ದೊಡ್ಡೋರು? ಒಂದು ಮಾತು ಹೇಳ್ಬೇಕಿತ್ತು."

"ಹೇಳಮ್ಮ."

"ಈ ಕಮಾನು ಹಳೇದಲ್ಲ. ಹಳೇದು ಬಿದ್ದೋಯ್ತು. ಇದನ್ನ ಕಟ್ಟಿದ್ದು ನಮ್ಮಪ್ಪ. ಗಾರೆ ಕಲಸಿದೋಳು ನಾನು." ಅವಳು ಬೊಗಸೆ ಮುಂದೆ ಮಾಡಿದಳು, ಗಾರೆ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

ನಮ್ಮಪ್ಪ. ಎಲ್ಲರೂ ಹಾಗೇ ಹೇಳುತ್ತಾರೆ, ಒಂದೇ ಮಗುವಾಗಿದ್ದರೂ ನಮ್ಮಪ್ಪ ಎಂದೇ ಹೇಳುತ್ತಾರೆ. ಆದರೆ ಆ ಒಂದು ಮಾತಿನಲ್ಲಿ ಅವಳು ಪಕ್ಕಕ್ಕೆ ಸರಿದು ತನಗೆ ನಿಲ್ಲಲು ಜಾಗ ಮಾಡಿಕೊಟ್ಟಳು ಎಂದು ಅವನಿಗೆ ಅನ್ನಿಸಿತು. ಹೌದು ಮೇಡಂ ಎಂದರೆ ಸಾಕಿತ್ತು. ನನಗೆ ಗೊತ್ತು ಎಂದರೂ ಸಾಕಿತ್ತು. ಹೇಗೆ ಗೊತ್ತು ಎಂದು ಕೇಳುತ್ತಾರೆ, ಆಗ ಹೇಳಿದರಾಯಿತು. ಬಿಸಿ ತುಪ್ಪ ಬಾಯಿಗೆ ಬಿದ್ದಂತೆ ನುಂಗಲಾರದೆ ಉಗುಳಲಾರದೆ ನಿಂತ.

"ಏನಂತೀರಿ?" ಅಧ್ಯಕ್ಷೆ ಅವನ ಕಡೆ ತಿರುಗಿದರು. ಮುಖದಲ್ಲಿ ಗಾಬರಿಯಿತ್ತು. ಮಠವನ್ನು ಸ್ಮಾರಕವಾಗಿ ತೆರೆಯುವ ಸಮಾರಂಭದ ಆಹ್ವಾನಪತ್ರಿಕೆಯ ಮೇಲೆ ಕಮಾನಿನ ಫೋಟೋ ಆಗಲೇ ಅಚ್ಚಾಗಿತ್ತು.

"ಜನ ಹಾಗೆ ಹೇಳ್ತಾರೆ ಮೇಡಂ," ಎಂದ. ತನ್ನ ಬಾಯಿಂದ ಬಂದ ಮೊದಲ ಮಾತಿನಲ್ಲೇ ಅವನು ಅಕ್ಕನನ್ನು 'ಜನ' ಎಂದಿದ್ದ. "ಒಂದೆರಡು ಕಲ್ಲಿಗೆ ಗಾರೆ ಮೆತ್ತಿರಬಹುದು. ಕಮಾನು ಮೂಲದ್ದೇ. ಕಲ್ಲಿನ ಜೋಡಣೆ ನೋಡಿ, ಗೆರೆ ನೋಡಿ. ಇಂಥ ಕೆಲಸ ನಗರಸಭೆಯ ಗಾರೆಯವರಿಂದ ಆಗೋದಲ್ಲ."

ಅಧ್ಯಕ್ಷೆ ಬ್ಯಾಗಿನಿಂದ ಟಾರ್ಚು ತೆಗೆದು ಕಮಾನಿನ ಪಕ್ಕಕ್ಕೆ ಬೆಳಕು ಹಿಡಿದರು. ಅವರೇನೂ ದಡ್ಡರಲ್ಲ. ಸ್ವಲ್ಪ ಹೊತ್ತು ಸವರಿ ನೋಡಿ, "ಉಳಿಯ ಗುರುತು ಬೇರೆ ಕಡೆಯೆಲ್ಲ ಬಲಗಡೆಯಿಂದ ಇಳಿದಿದೆ," ಎಂದರು. "ಇಲ್ಲಿ ಕೆಲವು ಕಲ್ಲಲ್ಲಿ ಎಡಗಡೆಯಿಂದ. ಇದ್ಯಾಕೆ ಹೀಗೆ?"

ಅಪ್ಪ ಎಡಚ. ಎಡಗೈಯಲ್ಲಿ ಸುತ್ತಿಗೆ ಎತ್ತಿದರೆ ಪಕ್ಕದಲ್ಲಿ ಕೆಲಸ ಮಾಡುವವನು ದೂರ ಸರಿಯಬೇಕಿತ್ತು, ಇಲ್ಲದಿದ್ದರೆ ಮೊಣಕೈ ತಗಲುತ್ತಿತ್ತು. ಇವನ ಗಲ್ಲ ಹಿಂಡುತ್ತಿದ್ದದ್ದೂ ಎಡಗೈಯಲ್ಲೇ. ಆ ಕೈ ಈಗ ಟಾರ್ಚಿನ ಬೆಳಕಿನಲ್ಲಿ ಕಲ್ಲು ಕಲ್ಲಿನ ಮೇಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ಅಳು ಬಂದೇಬಿಡುತ್ತದೆ ಎನ್ನಿಸಿತು, ಅಷ್ಟರಲ್ಲಿ ತನ್ನದೇ ದನಿ, ಉಪನ್ಯಾಸದ ದನಿ, ನುಣ್ಣಗೆ ಹೊರಟಿದ್ದು ಕೇಳಿಸಿತು.

"ಅದೇ ಮೇಡಂ ವಿಶೇಷ. ಸನ್ಯಾಸಿಗಳ ಜೊತೆ ಹಡಗಲ್ಲಿ ಒಬ್ಬ ಕಲ್ಲುಕುಟಿಗ ಸನ್ಯಾಸಿ ಬಂದಿದ್ದ. ಅವನು ಎಡಚ. ಮುಖ್ಯವಾದ ಕಲ್ಲುಗಳನ್ನ ಕೂಲಿಯವರಿಗೆ ಬಿಡದೆ ತಾನೇ ಕೆತ್ತುತ್ತಿದ್ದ."

"ಎಡಗೈಯ ಸನ್ಯಾಸಿ!" ಅಧ್ಯಕ್ಷೆಯ ಮುಖ ಅರಳಿತು. "ನೋಡ್ರಿ, ಎರಡು ಶತಮಾನದ ಹಿಂದಿನ ಮನುಷ್ಯ, ಮಾತೇ ಆಡದವನು, ಕೈ ಮಾತ್ರ ಬಿಟ್ಟುಹೋಗಿದಾನೆ. ಇದನ್ನ ಫಲಕದಲ್ಲಿ ಹಾಕಿಸ್ಲೇಬೇಕು." ಎಂಜಿನಿಯರು, ಹಾಕ್ಸೋಣ ಮೇಡಂ, ದೊಡ್ಡಕ್ಷರದಲ್ಲಿ ಹಾಕ್ಸೋಣ, ಎಂದು ಫೋನಿನಲ್ಲಿ ಬರೆದುಕೊಂಡ. ಅಧ್ಯಕ್ಷೆ ಅಕ್ಕನ ತೋಳು ಮುಟ್ಟಿ, ಮಗುವಿಗೆ ತಿಳಿಹೇಳುವವರಂತೆ, "ನಿಮ್ಮಪ್ಪ ಗಾರೆ ಹಾಕಿರ್ತಾರಮ್ಮ, ಇಲ್ಲ ಅನ್ನಲ್ಲ. ಫ್ಲಾಟು ಚೆನ್ನಾಗಿದೆ, ಗಾಳಿ ಬೆಳಕು ಬರುತ್ತೆ. ತಿಂಗಳೊಳಗೆ ಬಿಟ್ಕೊಡಿ," ಎಂದರು. ಅಕ್ಕ ತನ್ನ ತೋಳನ್ನೂ ಆ ಕೈಯನ್ನೂ ನೋಡಿ ಒಳಗೆ ಹೋದಳು.

ಅವರಿಬ್ಬರೂ ಗಂಟೆಗೋಪುರ ನೋಡಲು ಹೊರಟರು. ನಕ್ಷೆ ಸುತ್ತಿಕೊಂಡು ಬರುತ್ತೇನೆಂದು ಅವನು ಹಿಂದೆ ಉಳಿದ. ಸುತ್ತುವುದೇನು, ಒಂದು ನಿಮಿಷದ ಕೆಲಸ. ಕಮಾನಿನ ಕೆಳಗೆ ನಿಂತು ಒಮ್ಮೆ ತಲೆ ಎತ್ತಿ ನೋಡಿ, ನೋಡಬಾರದಿತ್ತು ಎನ್ನಿಸಿ, ಹೊಸ್ತಿಲು ದಾಟಿದ. ಒಳಗೆ ಬಟ್ಟೆಯ ಸೋಪಿನ ವಾಸನೆ. ಅವಳು ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು.

"ಅಕ್ಕಾ."

ಮೊರದ ಸದ್ದು ನಿಲ್ಲಲಿಲ್ಲ.

"ಅಕ್ಕಾ, ಕಮಾನು ಉಳೀತು. ಇನ್ನು ಯಾರೂ ಅದನ್ನ ಮುಟ್ಟೋ ಹಾಗಿಲ್ಲ. ರಿಪೇರಿ ಅಂತ ಬರೆದಿದ್ರೆ ನಾಳೆ ಬಿದ್ರೂ ಕೇಳೋರು ಇರ್ತಿರ್ಲಿಲ್ಲ. ನಿಂಗೆ ಅರ್ಥವಾಗ್ತಿಲ್ಲ. ಮನೆ ಇನ್ನೊಂದು ಸಿಗುತ್ತೆ. ಅಪ್ಪಂದು ಇರೋದು ಇದೊಂದೇ, ಅದಾದ್ರೂ ಶಾಶ್ವತವಾಗಿ ಉಳೀಲಿ ಅಂತ..."

ಹೇಳುತ್ತ ಹೇಳುತ್ತ ತಾನೇ ಅದನ್ನು ನಂಬಿದ. ಅರ್ಧಕ್ಕಿಂತ ಹೆಚ್ಚು ನಿಜವೂ ಆಗಿತ್ತಲ್ಲ. ಅವಳು ಈಗ ತಿರುಗುತ್ತಾಳೆ, ಮೊರ ಎಸೆಯುತ್ತಾಳೆ, ಮುಂಡೇದೇ, ಹೆತ್ತಪ್ಪನ ಕೈ ಕಡಿದು ಕಂಡವರಿಗೆ ಕೊಟ್ಟೆಯಲ್ಲೋ ಎಂದು ಮೂರು ಬೀದಿಗೆ ಕೇಳುವಂತೆ ಕೂಗುತ್ತಾಳೆ ಎಂದು ಕಾದ. ಗೋಪುರದಲ್ಲಿರುವವರಿಗೂ ಕೇಳಲಿ, ಕೇಳಿಬಿಡಲಿ, ಎಲ್ಲ ಬಯಲಾಗಿಬಿಡಲಿ. ಅವಳು ಬೈದರೆ ಬದುಕಿಕೊಳ್ಳುತ್ತೇನೆ ಎಂದುಕೊಂಡ.

ಅವಳು ಮೊರ ಕೆಳಗಿಟ್ಟು, ಎದ್ದು, ಸೆರಗು ಬಿಚ್ಚಿ ಭುಜದ ಮೇಲೆ ಸರಿಯಾಗಿ ಹೊದ್ದುಕೊಂಡಳು. ಹೊರಗಿನವರು ಮನೆಗೆ ಬಂದಾಗ ಹಾಗೆ ಮಾಡುವುದು ಅವಳ ರೂಢಿ.

"ಯಾರಪ್ಪಂದು, ಸಾರ್?" ಎಂದು ಕೇಳಿದಳು.

ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಕೇಳಿ, ಉತ್ತರ ಬರುತ್ತದೆಂದು ಅವನ ಮುಖ ನೋಡುತ್ತ ನಿಂತಳು. ಅವನು ಬಾಯಿ ತೆರೆದ. ಅಂಗಳದಾಚೆ ಗೋಪುರದ ಮೇಲಿನಿಂದ ಅಧ್ಯಕ್ಷೆ ಅವನನ್ನು ಕೂಗಿದರು, ಇನ್ನೊಮ್ಮೆ ಕೂಗಿದರು.

"ಬಂದೆ ಮೇಡಂ," ಎಂದ.